ಗಿರಿಜೆಯ ಸಣ್ಣ ತಂತಿ

ತುಪ್ಪದಲ್ಲಿ ಶ್ಯಾವಿಗೆ ಹುರಿಯುವ ವಾಸನೆ ಬಂದರೆ ನನಗೆ ಮೊದಲು ನೆನಪಾಗುವುದು ಪಾಯಸವಲ್ಲ, ಭೌತಶಾಸ್ತ್ರ. ನಗಬೇಡಿ. ಬಿ.ಕಾಂ. ಮುಗಿಸಿ ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟವನಿಗೆ ಹೀಗಾಗಬಾರದು, ಒಪ್ಪುತ್ತೇನೆ. ಆದರೆ ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು.

ತೊಂಬತ್ತರ ದಶಕದ ಕೊನೆಯ ಮಾತು. ಹರಿಹರದ ಗಿರಿಜೆ ನನ್ನನ್ನು ಮದುವೆಯಾಗಿ ನಿಟ್ಟುವಳ್ಳಿಯ ನಮ್ಮ ಮನೆಗೆ ಬಂದಾಗ ಸೀರೆಗಿಂತ ಪುಸ್ತಕಗಳನ್ನೇ ಹೆಚ್ಚು ತಂದಿದ್ದಳು. ಎಂ.ಎಸ್ಸಿ. ಆಗಿತ್ತು. ಸಂಶೋಧನೆಗೆ ಸೀಟು ಸಿಗಬೇಕು, ಅದೊಂದೇ ಆಸೆ. ಕೂದಲಿಗಿಂತ ಸಾವಿರ ಪಾಲು ಸಣ್ಣ ಸಿಲಿಕಾನ್ ತಂತಿಯಲ್ಲಿ ಕರೆಂಟು ಹೇಗೆ ಹರಿಯುತ್ತದೆ ಎಂಬುದು ಅವಳ ವಿಷಯ. ಸಂದರ್ಶನದಲ್ಲಿ ಹೇಳಬೇಕಾದ್ದನ್ನು ನನ್ನ ಮುಂದೆ ಹೇಳಿ ರೂಢಿಸಿಕೊಳ್ಳುತ್ತಿದ್ದಳು. ನಾನು ಗಿರಾಕಿಗಳ ಮುಂದೆ ಆಡಿಸುವಂತೆ ತಲೆಯಾಡಿಸುತ್ತಿದ್ದೆ.

ಕಷ್ಟವಾದದ್ದು ಅವ್ವನಿಗೆ. ನಮ್ಮ ಮನೆಗೆ ಅಂಚೆಯವನು ತಂದ ತಂತಿಗಳು, ಅಂದರೆ ಟೆಲಿಗ್ರಾಂಗಳು, ಎಲ್ಲ ಸಾವಿನ ಸುದ್ದಿಯವೇ ಆಗಿದ್ದವು.

"ಬೆಳಗಾಗೆದ್ದು ತಂತಿ ತಂತಿ ಅಂತೀಯಲ್ಲವ್ವಾ, ಆ ಮಾತು ಬ್ಯಾಡ. ಬ್ಯಾರೆ ಏನಾರ ಓದು."

ಒಂದು ದಿನ ಅವ್ವ ಮಾಳಿಗೆಯ ಮೇಲೆ ಕೋಲಿಗೆ ಶ್ಯಾವಿಗೆ ಒಣಹಾಕುತ್ತಿದ್ದಾಗ ಗಿರಿಜೆ ಎರಡು ಎಳೆ ಕಿತ್ತು ಹಿಡಿದಳು.

"ಅತ್ತೀ, ಈ ದಪ್ಪಂದು ಒಳಗೆ ಇನ್ನೂ ಹಸಿ ಐತೆ. ಸಣ್ಣದು ಆಗ್ಲೇ ಒಣಗೇತೆ. ಯಾಕ ಹೇಳ್ರಿ?"

"ಸಣ್ಣದಕ್ಕೆ ಗಾಳಿ ಬಡಿತೈತಲ್ಲ."

"ಅಷ್ಟೇ ರೀ. ಸಣ್ಣಾದಷ್ಟೂ ಒಳಗು ಕಮ್ಮಿ, ಹೊರಗೇ ಹೆಚ್ಚು. ನನ್ನ ತಂತೀನೂ ಹಂಗೇ. ಕರೆಂಟು ಗ್ವಾಡಿಗೆ ಬಡ್ಕಂತ ಹೋಗ್ಬೇಕು, ಸ್ವಲ್ಪ ಅಲ್ಲೇ ಸಿಕ್ಕೊಂತೈತೆ. ಅದೇ ಸಿಲಿಕಾನು, ಸಣ್ಣ ಮಾಡಿದ್ರೆ ಗುಣಾನೇ ಬ್ಯಾರೆ."

"ಪೇಟೆ ಸಂದ್ಯಾಗೆ ಸ್ಕೂಟ್ರು ಹೋದಂಗೆ!" ಎಂದೆ ನಾನು, ಎಲ್ಲ ತಿಳಿದವನಂತೆ.

"ಸ್ಕೂಟ್ರಿಗೆ ಬ್ರೇಕ್ ಐತೆ ರೀ," ಎಂದಳು. ಅವತ್ತಿನಿಂದ ಇವತ್ತಿನವರೆಗೂ ನನ್ನ ಭೌತಶಾಸ್ತ್ರವನ್ನು ತಿದ್ದುತ್ತಲೇ ಇದ್ದಾಳೆ.

ಅವ್ವನಿಗೆ ಎಷ್ಟು ತಿಳಿಯಿತೋ ಕಾಣೆ. ಆದರೆ ಆಮೇಲೆ ದಿನಾ "ಎಲ್ಲಿಗೆ ಬಂತವ್ವಾ ನಿನ್ನ ತಂತಿ?" ಎಂದು ಕೇಳತೊಡಗಿದಳು. ಗಿರಿಜೆ ಹರಿಹರಕ್ಕೆ ಹೋಗಿ ಅಪ್ಪನ ಜೊತೆ ಸಂದರ್ಶನಕ್ಕೆ ರೈಲು ಹತ್ತುವ ದಿನ, ಅವ್ವ ದೇವರಿಗೆ ಎರಡು ದೀಪ ಹೆಚ್ಚಿಗೆ ಹಚ್ಚಿದಳು.

ಅದಾಗಿ ಸ್ವಲ್ಪ ದಿನಕ್ಕೆ ಅಂಚೆಯವನು ಬಂದ. ಕೈಯಲ್ಲಿ ತಂತಿ. ಅವ್ವ ಹೊಸ್ತಿಲಲ್ಲೇ ಕುಸಿದು ಕೂತಳು. "ಬೀಗರಿಗೆ ಏನಾತೋ! ಹುಡುಗಿ ಹೆಂಗೈತೋ!" ನಾನೇ ಅದನ್ನು ಇಸಿದುಕೊಂಡೆ. ಹರಿದು ಓದಿದೆ, ಗಿರಿಜೆಯದೇ: ಸೀಟು ಸಿಕ್ಕಿತು.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. "ಸಣ್ಣ ತಂತ್ಯಾಗೆ ಕರೆಂಟು ಸರಿಯಾಗಿ ಹರಿಯಂಗಿಲ್ಲ ಅಂತಿದ್ಲಲ್ಲೋ! ಎಲ್ಡೇ ಮಾತಿನ ತಂತಿ, ನನ್ನ ಮೈಯೆಲ್ಲ ಝುಂ ಅಂತು ನೋಡು."

ಆ ಖುಷಿಗೆ ಬಾಗಿಲಲ್ಲಿ ನಿಂತು "ನಮ್ಮನಿಗೆ ತಂತಿ ಬಂತು!" ಎಂದು ಕೂಗಿದಳು. ಓಣಿಯವರೆಲ್ಲ ಮುಖ ಸಣ್ಣಗೆ ಮಾಡಿಕೊಂಡು ಸಮಾಧಾನ ಹೇಳಲು ಓಡಿಬಂದರು. ಬಂದವರನ್ನೆಲ್ಲ ಅವ್ವ "ಕೂಡ್ರಿ, ಕೂಡ್ರಿ" ಎಂದು ಕೂರಿಸಿ ಶ್ಯಾವಿಗೆ ಪಾಯಸ ಬಡಿಸಿದಳು.

ಅವ್ವ ಈಗಿಲ್ಲ. ತಂತಿ ತರುವವರೂ ಇಲ್ಲ. ಕಾಲೇಜಿನಲ್ಲಿ ಪಾಠ ಹೇಳುವ ಗಿರಿಜೆ ಇವತ್ತು ರಜೆಯೆಂದು ಅಂಗಡಿಯಿಂದ ತಂದ ಶ್ಯಾವಿಗೆ ಹುರಿಯುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಸುಮ್ಮನೆ ಕೆಣಕಿದೆ: "ಏನೇ ಅನ್ನು, ಸಣ್ಣ ತಂತ್ಯಾಗೇ ಕರೆಂಟು ಜಾಸ್ತಿ ಹರೀತೈತೆ."

ತಿದ್ದುತ್ತಾಳೆ ಎಂದು ಕಾದೆ. ಅವಳು ಸೌಟು ಆಡಿಸುವುದನ್ನು ನಿಲ್ಲಿಸಿದಳು.

"ಹೌದ್ರಿ," ಎಂದಳು. "ಅತ್ತಿಯೋರಿಗೆ ಮುಟ್ಟಿತಲ್ಲ."