ಐದು ಕಲ್ಲು, ಒಂದು ಕಂಬ

ಬೆಳಿಗ್ಗೆ ವಿದ್ಯಾಗಿರಿಯಿಂದ ಹೊರಟಾಗ ಚಳಿ ಇತ್ತು. ಹುನಗುಂದದ ಬಸ್ಸಿನಲ್ಲಿ ಕಿಟಕಿಯ ಜಾಗವೇ ಸಿಕ್ಕಿತು. ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಬೀಗರ ಮನೆಗೆ ಬರಿಗೈಲಿ ಹೋಗಬಾರದೆಂದು ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಕರದಂಟು ಕೊಂಡೆ. ಮುಂದೆ ರಸ್ತೆಯ ಎರಡೂ ಬದಿಗೆ ಜೋಳ ತೆನೆಯೊಡೆದು ನಿಂತಿತ್ತು.

ನಾನು ಹೊರಟದ್ದು ಒಂದು ಕರೆಂಟಿನ ಕಂಬದ ಸಲುವಾಗಿ. ಹುನಗುಂದ ದಾಟಿ ಇಳಕಲ್ಲಿನ ಕಡೆಗೆ ನನ್ನ ತಂಗಿ ನೀಲಾಳ ಊರು. ಅಲ್ಲಿ ಗಾಳಿಯಿಂದ ಕರೆಂಟು ಮಾಡುವ ಫ್ಯಾನು ನಿಲ್ಲಿಸಿ ಒಂದು ಮಳೆಗಾಲ ಕಳೆದರೂ ತಿರುಗಿರಲಿಲ್ಲ. ಅದರ ಕಾವಲಿನ ಕೆಲಸ ನೀಲಾಳ ಗಂಡ ಮಹಾಂತೇಶನಿಗೆಂದು ಮಾತಾಗಿತ್ತು, ಆದರೆ ಲೈನು ಇಳಕಲ್ಲಿನ ಸಬ್‌ಸ್ಟೇಷನ್ ಮುಟ್ಟಿದ ಮೇಲೆಯೇ. ಕಡೆಯ ಕಂಬವೊಂದು ಬಾಕಿ. ಅದನ್ನು ತಡೆದವಳು ಅವನ ತಾಯಿ ಗೌರವ್ವ.

ಕಂಬದ ಜಾಗ ಗುರುತಿಸಲು ಫ್ಯಾನಿನ ಕಂಪನಿಯ ಎಂಜಿನಿಯರ್ ಆಕೆಯ ಹೊಲದ ಬದುವಿನಲ್ಲಿ ತೋಡುವ ಕುಣಿಯ ಮೂಲೆಗೊಂದು, ನಡುವೆ ಒಂದರಂತೆ ಬಿಳಿ ಬಳಿದ ಐದು ಕಲ್ಲು ಇಟ್ಟು ಹೋಗಿದ್ದ. ಮರುದಿನ ಎಳ್ಳ ಅಮಾವಾಸ್ಯೆ. ಬೆಳೆಗೆ ಎಡೆಯ ಚರಗ ಚೆಲ್ಲಲು ಬಂದ ಗೌರವ್ವ, ಯಾರೋ ಪುಣ್ಯವಂತರು ಆ ದಿನ ಹೊಲದಲ್ಲಿ ಕಲ್ಲಿಟ್ಟು ಪೂಜಿಸುವ ಐದು ಪಾಂಡವರನ್ನು ಸುಣ್ಣ ಹಚ್ಚಿ ತಯಾರಿಟ್ಟಿದ್ದಾರೆಂದು ಅವಕ್ಕೇ ಪೂಜೆ ಮಾಡಿಬಿಟ್ಟಳು.

ಅದಾಗಿ ಎರಡು ದಿನಕ್ಕೆ, ನೀಲಾ ಫೋನ್ ಮಾಡಿ ಕರೆದಳೆಂದು ಹೊರಟ ನಾನು ಮುಟ್ಟುವ ಹೊತ್ತಿಗೆ ಎಲ್ಲರೂ ಹೊಲದಲ್ಲೇ ಇದ್ದರು.

“ಅಕ್ಕಾರ, ಬರ್ರಿ. ನಿಮ್ಮ ಮಾತರೆ ಕೇಳತಾಳೇನ ನೋಡ್ರಿ,” ಎಂದ ಮಹಾಂತೇಶ.

“ಕಂಬ ನಾಲ್ಕು ಹೆಜ್ಜೆ ಸರಿಸಿದರೂ ಹೊಸ ನಕ್ಷೆ ಬೇಕಮ್ಮ,” ಎಂದ ಎಂಜಿನಿಯರ್. ತುಮಕೂರಿನ ಕಡೆಯ ಹುಡುಗ. “ಮತ್ತೆ ಸರ್ವೆ, ಹುನಗುಂದದಲ್ಲಿ ಒಪ್ಪಿಗೆ, ಬಾಗಲಕೋಟೆಯಲ್ಲಿ ಮಂಜೂರಾತಿ. ಅಷ್ಟರಲ್ಲಿ ಸಬ್‌ಸ್ಟೇಷನ್ನಿನಲ್ಲಿ ನಮ್ಮ ಸರದಿ ಬೇರೆಯವರಿಗೆ ಹೋಗುತ್ತೆ.”

“ದೇವರ ಮ್ಯಾಲ ಗುದ್ದಲಿ ಹಾಕಸ್ಲೇನ ಹಂಗಾರ?” ಎಂದಳು ಗೌರವ್ವ.

ನಾನು ಕರದಂಟು ಮುರಿದು ಆಕೆಯ ಕೈಗಿಟ್ಟೆ. “ಅತ್ತಿ, ಹೋದ ವರ್ಷದ ಪಾಂಡವರು ಎಲ್ಲಿ ಅದಾರ?”

“ಭಾವಿಗಿ ಬಿಟ್ಟೆ.”

“ಇವರನ್ನೂ ಬಿಡಬೇಕಲ್ಲ?”

“ಬಿಡಬೇಕು ಖರೆ. ಬಿಡ್ರಿ ಅಂತ ಯಾರ ಕೇಳ್ಯಾರ? ಕಾಗದಾ ಹಿಡಕೊಂಡ ಬರ್ತಾರ, ಇಲ್ಲಾ ಗುದ್ದಲಿ ಹಿಡಕೊಂಡ ಬರ್ತಾರ.” ಸ್ವಲ್ಪ ಹೊತ್ತು ಕರದಂಟು ಅಗಿದು, ಎಂಜಿನಿಯರನ ಕಡೆ ಬೆರಳು ಮಾಡಿದಳು. “ತಂದಿಟ್ಟಾಂವನ ಹೊತ್ತು ಒಯ್ಯಲಿ. ಪದ್ಧತಿ ಪ್ರಕಾರ ಕಂಬಳಿ ಹೊದ್ದು.”

ನೀಲಾ ಸಜ್ಜಿ ರೊಟ್ಟಿ, ಪುಂಡಿಪಲ್ಯ ತಂದಳು. ಎಂಜಿನಿಯರ್ ಕಂಬಳಿ ಹೊದ್ದು, ಬುಟ್ಟಿಯಲ್ಲಿ ಕಲ್ಲು ಹೊತ್ತು ಭಾವಿಗೆ ನಡೆದ. ಹಿಂದೆ ಅದನ್ನೇ ಚರಗ ಚೆಲ್ಲುತ್ತಾ ಗೌರವ್ವ, “ಚರಗದ ಕೂಗು ಹಾಕು, ಹುಲ್ಲುಲ್ಲಿಗೋ ಅನ್ನೋ ತಮ್ಮಾ, ಬಾಯಾಗ ಏನ ಇಟಗೊಂಡೀ?” ಎಂದಳು. ಅವನು ಮೆಲ್ಲಗೆ ಅಂದ. “ಭಾವ್ಯಾಗಿನ ಕಪ್ಪಿಗೂ ಕೇಳಸಲಿಲ್ಲ,” ಎಂದಳು. ಎರಡನೆಯ ಸಲದ ಕೂಗಿಗೆ ಜೋಳದೊಳಗಿನ ಗುಬ್ಬಿಗಳೆಲ್ಲ ಹಾರಿದವು.

ಊಟವಾದ ಮೇಲೆ ಕಂಬದ ಕುಣಿ ತೋಡಿದರು. ಇನ್ನು ತಂತಿ ಎಳೆದು, ಸಬ್‌ಸ್ಟೇಷನ್ನಿನವರು ದಿನ ಗೊತ್ತುಮಾಡಬೇಕು. “ಆಷಾಢದ ಗಾಳಿ ಬರೋದ್ರಾಗ ಆದ್ರ ಸಾಕ್ರಿ,” ಎಂದ ಮಹಾಂತೇಶ.

ಸಂಜೆಯ ಬಸ್ಸಿನಿಂದ ತಿರುಗಿ ನೋಡಿದೆ. ಫ್ಯಾನು ನಿಂತಲ್ಲೇ ನಿಂತಿತ್ತು. ಅದರ ಬುಡಕ್ಕೆ ಮಹಾಂತೇಶ ಮನೆಯಿಂದ ಕುರ್ಚಿ ತಂದು ಹಾಕಿಕೊಂಡು, ತಲೆಗೆ ಟವೆಲ್ ಸುತ್ತಿ, ಆಗಲೇ ಕಾವಲಿಗೆ ಕೂತಿದ್ದ.