ಶೇವಂತಿ ಆಜಿಯ ಬಾಗಿಲಿಗೆ ಒಂದು ಹಿಡಿ ತೆನೆ

ಬೆಳಗಿನ ಆರೂಕಾಲು. ಹಳಿಯಾಳ–ದಾಂಡೇಲಿ ರಸ್ತೆಯಿಂದ ತುಸು ಒಳಗಿರುವ ‘ಕಾಡಂಚು’ ಸಾವಯವ ತೋಟದ ಬೀಜದ ಗದ್ದೆಯಲ್ಲಿ ರೂಪಿಬಾಯಿ ಸೊಂಟ ಬಗ್ಗಿಸಿ ನಡೆಯುತ್ತಿದ್ದಾರೆ. ಇಬ್ಬನಿ ಆರುವ ಮೊದಲು, ಬಿಸಿಲು ಓರೆಯಾಗಿ ಬಿದ್ದಾಗಲೇ ಬೆರಕೆ ತೆನೆ ಕಣ್ಣಿಗೆ ಸಿಗುವುದು. ಎತ್ತರ ಹೆಚ್ಚಾದದ್ದು, ಬಣ್ಣ ಬೇರೆಯಾದದ್ದು ಕಂಡರೆ ಬುಡಸಮೇತ ಕಿತ್ತು ಚೀಲಕ್ಕೆ ಹಾಕುತ್ತಾರೆ. ಇವರ ಬಗ್ಗೆ ಬರೆಯಲು ಬಂದ ನಾನೂ ಹಿಂದೆ ಹಿಂದೆ ಹೋಗಿ ಹುಡುಕುತ್ತೇನೆ. ನನಗೆ ಎಲ್ಲವೂ ಒಂದೇ ಥರ. “ಸಾಹೇಬ್ರ, ತುಳೀಬ್ಯಾಡ್ರಿ ಅದನ್ನ!” ಎಂದು ಗದರಿಸಿಕೊಂಡದ್ದಷ್ಟೇ ಲಾಭ.

ಮುಂಡಗೋಡ ಕಡೆಯ ತಾಂಡಾದ ರೂಪಿಬಾಯಿಗೆ ಈಗ ಐವತ್ತೆರಡು. ಗಂಡ ರೂಪ್ಲಪ್ಪನ ಜೊತೆ ಕಬ್ಬು ಕಡಿಯಲು ಹಳಿಯಾಳಕ್ಕೆ ಬಂದವರು, ಹನ್ನೊಂದು ವರ್ಷದ ಹಿಂದೆ ಈ ತೋಟದಲ್ಲೇ ಉಳಿದರು. ಲಾಭಕ್ಕೆಂದು ಮಾಡಿದ ತೋಟವಲ್ಲ ಇದು. ನಾಲ್ಕು ತಾಲ್ಲೂಕಿನ ರೈತರು, ಶಾಲೆ ಮಕ್ಕಳು ಬಂದು ಮಣ್ಣು, ನೀರು, ಬೀಜ ಕಾಯುವುದನ್ನು ಕಲಿತು ಹೋಗುತ್ತಾರೆ. ಬಂದವರ ಜೊತೆ ಫೋಟೊಕ್ಕೆ ನಿಲ್ಲುವವರು ಬೇರೆ. ಮೂವತ್ತೆರಡು ತಳಿಯ ಭತ್ತ ಒಂದಕ್ಕೊಂದು ಬೆರೆಯದಂತೆ ನೋಡಿಕೊಳ್ಳುವವರು ರೂಪಿಬಾಯಿ.

ಇಂಥ ಕಣ್ಣೂ ಒಮ್ಮೆ ಮೋಸ ಹೋಗಿದೆ. ಹೋದ ವರ್ಷ ಕುಂಬಾರವಾಡದ ಶೇವಂತಿ ಆಜಿ, ಎಂದರೆ ಅಜ್ಜಿ, ಮಂಡಿನೋವಿನಿಂದ ಗದ್ದೆ ಕೈಬಿಟ್ಟು, ಉಳಿದಿದ್ದ ಒಂದು ಬೊಗಸೆ ಮೀಸೆ ಭತ್ತದ ಬೀಜವನ್ನು ತೋಟಕ್ಕೆ ಕೊಟ್ಟರು. ಅದರ ತೆನೆಗೆ ಮುಳ್ಳಿನಂಥ ಕೆಂಪು ಮೀಸೆ. ಕಾಡುಹಂದಿ ಬಾಯಿ ಹಾಕುವುದಿಲ್ಲ. ತೋಟದವರು ವಿಚಾರಿಸಿದರೆ ಬೇರೆ ಯಾರ ಮನೆಯಲ್ಲೂ ಆ ಬೀಜ ಇರಲಿಲ್ಲ. ತೋಟದ ಉಸ್ತುವಾರಿ ದ್ರಾಕ್ಷಾಯಣಿ ಅದನ್ನು ಸಣ್ಣ ಮಡಿಯೊಂದರಲ್ಲಿ ಬೆಳೆಸಿದರು. ಮಗಳ ಬಾಣಂತನಕ್ಕೆ ಹೋಗಿದ್ದ ರೂಪಿಬಾಯಿ ಮರಳಿದಾಗ ತೆನೆ ಒಡೆದಿತ್ತು. ಅದೇನೆಂದು ಅವರಿಗೆ ಯಾರೂ ಹೇಳಿರಲಿಲ್ಲ.

“ನಮ್ಮ ಕಡೆ ಮೀಸಿ ಇದ್ದದ್ದು ಅಂದ್ರ ಕಾಡಭತ್ತರೀ. ಒಂದು ಬಿಟ್ರ ಮುಂದಿನ ವರ್ಷ ಗದ್ದಿ ಪೂರಾ ಅದ ಆಗ್ತೈತಿ. ಸಣ್ಣಾಕಿ ಇದ್ದಾಗಿಂದ ಕಿತ್ತ ಕೈ ಇದು. ಒಂದು ತಾಸಿನ್ಯಾಗ ಮಡಿ ಸ್ವಚ್ಛ ಮಾಡಿ ಎಮ್ಮಿಗೆ ಹಾಕಿದೆ.”

ಸಂಜೆ ಬೋಳು ಮಡಿ ಕಂಡ ದ್ರಾಕ್ಷಾಯಣಿ, ಅದು ಆಜಿ ಕೊಟ್ಟ ಬೀಜವೆಂದು ಹೇಳಿದರಂತೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ರೂಪಿಬಾಯಿ. ಆಜಿಗೆ ನಿಧಾನಕ್ಕೆ ಹೇಳೋಣ ಎಂದವರ ಮಾತು ಕೇಳದೆ, ಮರುದಿನವೇ ಹೊತ್ತಿಗೆ ಬಾರದ ಬಸ್ಸಿಗೆ ಮೂರು ತಾಸು ಕಾದು ಕುಂಬಾರವಾಡಕ್ಕೆ ಹೋದರು. ತಪ್ಪು ಮಾಡಿದವರು ಬಾಯಿಗೆ ಬೀಗ ಹಾಕಿಕೊಳ್ಳುವುದನ್ನೇ ನೋಡಿ ಬೇಸತ್ತ ನನಗೆ ಇವರ ಮೇಲೆ ಗೌರವ ಹುಟ್ಟಿದ್ದು ಇಲ್ಲಿ.

ಹೊಸ ಭತ್ತ ಬಂದಾಗ ಒಂದು ಹಿಡಿ ತೆನೆಯನ್ನು ಬಾಗಿಲ ಮೇಲೆ ಕಟ್ಟುವುದು ಆಜಿಯ ಮನೆಯ ಪದ್ಧತಿ. ಮತ್ತೆ ಹೊಸ ತೆನೆ ಬರುವವರೆಗೆ ಅದನ್ನು ಇಳಿಸುವಂತಿಲ್ಲ. ರೂಪಿಬಾಯಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಆಜಿ ಎದ್ದು ಕೈಚಾಚಿ, ಹಿಂದಿನ ಸುಗ್ಗಿಯಲ್ಲಿ ಕಟ್ಟಿದ್ದ ಮೀಸೆ ಭತ್ತದ ಆ ತೆನೆಯನ್ನೇ ಬಿಚ್ಚಿದರು. “ಬಾಗಲು ಖಾಲಿ ಇದ್ರೆ ಅಡ್ಡಿಲ್ಲ ಬಾಯಿ, ಬೀಜ ಹೋಗುದು ಬ್ಯಾಡ,” ಎಂದು ಮಡಿಲಿಗೆ ಹಾಕಿದರು.

ಇಲಿ ತಿಂದು, ಹೊಗೆ ಹಿಡಿದು ಉಳಿದಿದ್ದ ಕಾಳು ಇನ್ನೂರು ಚಿಲ್ಲರೆ. ಈ ಜೂನ್‌ನಲ್ಲಿ ಮೊಳೆತದ್ದು ಅರವತ್ತೊಂದು. ರೂಪಿಬಾಯಿ ಒಂದೊಂದನ್ನೇ ನೆಟ್ಟರು. ಈಗ ಐವತ್ತೆಂಟು ಬುಡ ಇವೆ. ಆ ಮಡಿಗೆ ದ್ರಾಕ್ಷಾಯಣಿಯವರೂ ಕೇಳದೆ ಕಾಲಿಡುವಂತಿಲ್ಲ.

ಕಲಿಯಲು ಬಂದವರಿಗೆಲ್ಲ ಮೊದಲ ಪಾಠ ಈಗ ಈ ಮಡಿಯ ಬದುವಿನ ಮೇಲೆಯೇ. ರೂಪಿಬಾಯಿ ತಾವು ಮಾಡಿದ್ದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. “ಕೀಳೂಕಿಂತ ಮೊದ್ಲ, ಇದು ಯಾರದು ಅಂತ ಒಂದ ಮಾತು ಕೇಳ್ರಿ.”

ಕೆಂಪು ಮೀಸೆಗಳು ಬಿಸಿಲಿಗೆ ಬಂಗಾರವಾಗುತ್ತಿವೆ. ತೆನೆ ಬಲಿಯಲು ಇನ್ನು ಹತ್ತು ದಿನ. ನಿಮಗೇನಾದರೂ ಬೇಕೇ ಎಂದು ಕೇಳಿದರೆ ರೂಪಿಬಾಯಿ ಮಡಿಯ ಕಡೆಗೇ ನೋಡುತ್ತಾರೆ.

“ಬೀಜ ಎಲ್ಲಾ ದ್ರಾಕ್ಷಾಯಣಿ ಅಕ್ಕಾರ ಇಟ್ಕೊಳ್ಳಿ. ನನಗ ಒಂದು ಹಿಡಿ ತೆನಿ ಸಾಕ್ರಿ. ಆಜಿ ಬಾಗಲಾ ಒಂದು ವರ್ಷದಿಂದ ಖಾಲಿ ಐತಿ. ಬಸ್ಸಿನ ಟೈಮ್ ಆಗಲೇ ಕೇಳಿ ಇಟ್ಟೇನಿ.”