ಹಸಿರು ಗೆರೆ ಎಳೆದವನು ನಾನೇ

ಸ್ನೇಹಿತರೇ, ಇವತ್ತು ಬೆಳಿಗ್ಗೆ ನಾನೊಂದು ಹೊಲಸು ಕೆಲಸ ಮಾಡಿ ಸಿಕ್ಕಿಬಿದ್ದೆ.

ಚನ್ನಪಟ್ಟಣದ ನಮ್ಮ ವಾರ್ಡಿನಲ್ಲಿ ನಗರಸಭೆ ಚುನಾವಣೆಗೆ ನನ್ನ ಭಾವಮೈದ ನಿಂತಿದ್ದಾನೆ. ಇಬ್ಬರೂ ನನ್ನ ಅಂಗಡಿಯಲ್ಲಿ ಮತದಾರರ ಪಟ್ಟಿ ಹರಡಿಕೊಂಡು ಕೂತಿದ್ವಿ. ಪ್ರತಿ ಚುನಾವಣೆಗೂ ಇದ್ದದ್ದೇ ಇದು: ಹೆಸರು ನೋಡಿ ಜಾತಿ ಹಿಡಿಯೋದು, ಜಾತಿಗೊಂದು ಬಣ್ಣದ ಗೆರೆ ಎಳೆಯೋದು. ಗೌಡ್ರಿಗೆ ಹಳದಿ, ನಮ್ಮ ಲಿಂಗಾಯತರಿಗೆ ಕೇಸರಿ, ಮುಸ್ಲಿಮರಿಗೆ ಹಸಿರು. ಹಸಿರು ಗೆರೆ ಬಿದ್ದ ಮನೆ ಪಕ್ಕ 'ಹೋಗೋದು ಬೇಡ' ಅಂತ ಬರೆಯೋದು.

ಅಷ್ಟೊತ್ತಿಗೆ ಪಕ್ಕದ ಮನೆ ನಯಾಜ್ ಬಂದ. ಗೊಂಬೆಗೆ ಅರಗಿನ ಬಣ್ಣ ಹಾಕೋ ಕೆಲಸದವನು, ನನ್ನ ಜೊತೆ ಓದಿದವನು. "ಮಗಳಿಗೆ ಹದಿನೆಂಟು ತುಂಬ್ತು ಕಣ್ಲಾ, ಹೆಸರು ಬಂದೈತಾ ಒಸಿ ನೋಡ್ಬುಡು" ಅಂದ. ನಾನು ಕೈ ಅಡ್ಡ ಇಡೋದ್ರೊಳಗೆ ಅವನೇ ಹಾಳೆ ತಿರುಗಿಸಿದ. ಹೆಸರೇನೋ ಬಂದಿತ್ತು. ಅದರ ಮೇಲೆ ಹಸಿರು ಗೆರೆ, ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ 'ಹೋಗೋದು ಬೇಡ'.

ಅವನು ಕೂಗಾಡಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು. "ಮೊದಲನೇ ಓಟು ಕಣ್ಲಾ ಅವಳ್ದು. ಒಂದ್ ಮಾತು ಕೇಳ್ಬುಟ್ಟು ಆಮೇಲೆ ಬಣ್ಣ ಹಾಕ್ಬಾರ್ದಿತ್ತಾ?" ಅಂದವನು, ನಾನು ತರಿಸಿದ ಟೀ ಕೂಡ ಮುಟ್ಟದೆ ಹೋದ.

"ಬುಡಿ ಭಾವ, ಅವರ ಓಟು ನಮಗೆಲ್ಲಿ ಬತ್ತದೆ" ಅಂದ ನನ್ನ ಭಾವಮೈದ.

ಆ ಹುಡುಗಿಗೆ ಸೈಕಲ್ ಕಲಿಸಿದವನು ನಾನು. ಅವಳ ಓಟು ಯಾರಿಗೆ ಬೀಳುತ್ತೆ ಅಂತ ಬೆಳಿಗ್ಗೆ ನನಗೆ ನಿಜವಾಗ್ಲೂ ಗೊತ್ತಿರಲಿಲ್ಲ. ಈಗ ಯಾರಿಗೆ ಬೀಳಲ್ಲ ಅಂತ ಗೊತ್ತಾಗಿದೆ.